ಉಡುಗೊರೆಯ ವಿಸ್ಕಿ

ಉಡುಗೊರೆಯಾಗಿ ಬಂದ ವಿಸ್ಕಿ ಬಾಟಲಿಗೆ ಕನ್ನಡನಾಡಿನ ಮನೆಗಳಲ್ಲಿ ಮೂರು ಗತಿಗಳುಂಟು. ಬಂದ ವಾರದೊಳಗೆ ತೆರೆಸಿಕೊಂಡು ನಾಲ್ಕು ಜನರ ನಡುವೆ ಮುಗಿಯುವುದು ಮೊದಲನೆಯದು. ಷೋಕೇಸಿನಲ್ಲಿ ಮಕ್ಕಳ ಷೀಲ್ಡುಗಳ ಪಕ್ಕದಲ್ಲೋ ಬೀರುವಿನಲ್ಲಿ ರೇಷ್ಮೆ ಸೀರೆಗಳ ಹಿಂದೆಯೋ ವರ್ಷಗಟ್ಟಲೆ ನಿಲ್ಲುವುದು ಎರಡನೆಯದು. ಮುಚ್ಚಳವೇ ಮುರಿಯದೆ ಇನ್ನೊಬ್ಬರಿಗೆ ಉಡುಗೊರೆಯಾಗಿ ಹೋಗುವುದು ಮೂರನೆಯದು; ಹೀಗೆ ಹೊರಟ ಬಾಟಲಿ ಎರಡು ಮೂರು ಮನೆ ಸುತ್ತಿ, ಡಿಸೆಂಬರ್ ಕೊನೆಯ ವಾರದಲ್ಲಿ ಮೊದಲು ಕೊಟ್ಟವನ ಕೈಗೇ ಬಂದು ಸೇರುವುದೂ ಉಂಟು. ಆಯ್ಕೆ ಸರಿಯಾಗಿತ್ತೇ ಎಂದು ತಿಳಿಯಲು ಇರುವ ಪರೀಕ್ಷೆ ಒಂದೇ: ಬಾಟಲಿಗೆ ಮೊದಲನೆಯ ಗತಿ ಸಿಕ್ಕಿತೇ? ಬೆಲೆ, ವಯಸ್ಸು, ಡಬ್ಬಿಯ ಮೇಲಿನ ಬಂಗಾರದ ಅಕ್ಷರ ಇವೆಲ್ಲ ಆಮೇಲಿನ ಮಾತು.

ಆದ್ದರಿಂದ ಆಯ್ಕೆ ಶುರುವಾಗಬೇಕಾದ್ದು ಅಂಗಡಿಯಲ್ಲಲ್ಲ, ಪಡೆಯುವವರ ಮನೆಯಲ್ಲಿ. ಅವರು ಕುಡಿಯುತ್ತಾರೆಯೇ ಎಂಬುದು ಮೊದಲ ಪ್ರಶ್ನೆ. ಇದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರ ಇರುವಂತೆ ಕಂಡರೂ ನಡುವೆ ಉಪವರ್ಗಗಳು ಅನೇಕ. ಸೋಮವಾರ ಮತ್ತು ಶನಿವಾರ ಮುಟ್ಟದವರು, ಶ್ರಾವಣ ಪೂರ್ತಿ ಬಿಟ್ಟು ಗಣೇಶನನ್ನು ನೀರಿಗೆ ಬಿಟ್ಟ ಸಂಜೆಗೇ ಮರಳುವವರು, ಶಬರಿಮಲೆಯ ಮಾಲೆ ಕೊರಳಲ್ಲಿರುವಷ್ಟು ದಿನ ಮಾತ್ರ ವ್ರತಸ್ಥರು, ಊರಿನಲ್ಲಿ ಶುದ್ಧರಾಗಿದ್ದು ಟೂರಿನಲ್ಲಿ ಸಡಿಲಾಗುವವರು, ಬಿಯರನ್ನು ಲೆಕ್ಕಕ್ಕೇ ಹಿಡಿಯದವರು. ಇವರೆಲ್ಲರಿಗಿಂತ ಎಚ್ಚರದಿಂದ ಕಾಣಬೇಕಾದವರು, ಕುಡಿಯುವುದು ತಮ್ಮ ಮನೆಯಲ್ಲಿ ಗೊತ್ತಿಲ್ಲ ಎಂದು ನಂಬಿರುವವರು. ಅಂಥವರ ಮನೆಗೇ ಬಾಟಲಿ ಒಯ್ದು ಕೊಟ್ಟರೆ ಅದು ಉಡುಗೊರೆಯಾಗುವುದಿಲ್ಲ, ಚಾಡಿಯಾಗುತ್ತದೆ. ಇನ್ನು ಕಷ್ಟಪಟ್ಟು ಬಿಟ್ಟವರು, ವೈದ್ಯರು ಬಿಡಿಸಿದವರು ಇದ್ದಾರೆ. ಅವರ ವಿಷಯದಲ್ಲಿ ಯಾವ ವಿನಾಯಿತಿಯೂ ಇಲ್ಲ. ಎಷ್ಟೇ ಪ್ರೀತಿಯಿಂದಲೂ ಅವರಿಗೆ ಬಾಟಲಿ ಕೊಡಬಾರದು.

ಎರಡನೆಯದು ಸಂಬಂಧ. ಮೇಲಧಿಕಾರಿಗೆ ಕೊಟ್ಟ ಬಾಟಲಿಗೆ ಬೇಡಿಕೆಯ ವಾಸನೆ ಹತ್ತುತ್ತದೆ, ಮಾವನಿಗೆ ಕೊಟ್ಟದ್ದಕ್ಕೆ ಧೈರ್ಯದ್ದು. ಷಡ್ಡಕನಿಗೆ ಕೊಡುವುದರಲ್ಲಿ ಮಾತ್ರ ಯಾವ ಅಳುಕೂ ಇಲ್ಲ. ಒಂದೇ ಮನೆಯ ಅಳಿಯಂದಿರಾದ ಇಬ್ಬರಿಗೆ, ಹಬ್ಬದೂಟ ಮುಗಿಸಿ ಟೆರೇಸಿಗೆ ಹತ್ತಿದ ಮೇಲೆ ಮಾತಾಡಲು ವಿಷಯ ಹೇರಳವಾಗಿರುತ್ತದೆ. ಹಸ್ತಾಂತರಕ್ಕೂ ಒಂದು ಪದ್ಧತಿ ಬೆಳೆದು ಬಂದಿದೆ. ಬಾಟಲಿಯನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿನಲ್ಲಿಟ್ಟು, ಸ್ವೀಟ್ ಬಾಕ್ಸಿನ ಜೊತೆ ಆದರೆ ಸ್ವೀಟ್ ಬಾಕ್ಸಿಗಿಂತ ತುಸು ಕೆಳಗೆ ಹಿಡಿದು ತರಲಾಗುತ್ತದೆ. ಕಪ್ಪು ಕವರಿನಲ್ಲಿ ಏನಿದೆ ಎಂಬುದು ಇಡೀ ಬೀದಿಗೆ ಗೊತ್ತು, ಕವರ್ ಕಪ್ಪಗಿರುವ ಕಾರಣಕ್ಕೇ ಗೊತ್ತು. ಪಡೆಯುವವರು “ಅಯ್ಯೋ, ಇದೆಲ್ಲಾ ಯಾಕ್ರೀ ತರೋಕೆ ಹೋದ್ರಿ” ಎನ್ನುತ್ತಾರೆ. ಮಾತು ಮುಗಿಯುವ ಮೊದಲೇ ಕವರ್ ಒಳಕೋಣೆ ಸೇರಿರುತ್ತದೆ. ಕೊಡಗಿನಲ್ಲಿ ಈ ನಾಟಕವಿಲ್ಲ. ಅಲ್ಲಿ ಮದುವೆ ಮನೆಯಲ್ಲೂ ಹಬ್ಬದ ಮನೆಯಲ್ಲೂ ಮದ್ಯ ಆತಿಥ್ಯದ ಬಹಿರಂಗ ಭಾಗ, ಕಪ್ಪು ಕವರಿಗೆ ಕೆಲಸವಿಲ್ಲ. ಮಂಗಳೂರಿನ ಕ್ರೈಸ್ತ ಮದುವೆಗಳಲ್ಲಿ ಟೋಸ್ಟ್ ಎತ್ತುವ ಹೊತ್ತಿಗೂ ಹಾಗೆಯೇ.

ಒಂದು ಕಾಲಕ್ಕೆ ಯಾವ ವಿಸ್ಕಿ ಎಂಬ ಪ್ರಶ್ನೆಯೇ ಇರಲಿಲ್ಲ. 1980ರ ದಶಕದಲ್ಲಿ ದುಬೈ, ಬಹರೇನ್‌ಗಳಿಂದ ಕರಾವಳಿಯ ಮನೆಗಳಿಗೆ ರಜೆಯಲ್ಲಿ ಬಂದವರ ಸೂಟ್‌ಕೇಸ್ ತೆರೆಯುವುದೆಂದರೆ ನೆರೆಹೊರೆಯೆಲ್ಲ ನೆರೆಯುವ ಸಮಾರಂಭ. ಮೇಲೆ ಟ್ಯಾಂಗ್ ಪುಡಿ, ನಿಡೋ ಹಾಲಿನ ಡಬ್ಬ, ಯಾರ್ಡ್ಲಿ ಪೌಡರ್, ಟೈಗರ್ ಬಾಮ್. ತಳದಲ್ಲಿ ಟರ್ಕಿ ಟವೆಲ್ಲಿನೊಳಗೆ ಬ್ಲ್ಯಾಕ್ ಲೇಬಲ್. ತರಬೇತಿಗೆಂದು ವಿದೇಶಕ್ಕೆ ಹೋಗಿ ಬಂದ ಬೆಂಗಳೂರಿನ ಕಾರ್ಖಾನೆಗಳ ಎಂಜಿನಿಯರುಗಳೂ ತರುತ್ತಿದ್ದದ್ದು ಅದನ್ನೇ. ಪೌಡರ್ ಅತ್ತಿಗೆಗೆ, ಬಾಮ್ ಅಜ್ಜಿಗೆ, ಟವೆಲ್ ಸಮೇತ ಬಾಟಲಿ ಭಾವನಿಗೆ ಎಂಬ ಹಂಚಿಕೆಯಲ್ಲಿ ಯಾವತ್ತೂ ತಕರಾರು ಬರುತ್ತಿರಲಿಲ್ಲ. ಅದು ಫಾರಿನ್ ಎಂಬುದೇ ಅದರ ಗುಣಲಕ್ಷಣ. ರುಚಿಯ ಬಗ್ಗೆ ಕೇಳುವುದು ಅಧಿಕಪ್ರಸಂಗ. ಆ ವಿಸ್ಕಿಯ ಮೂಲಪುರುಷ ಜಾನ್ ವಾಕರ್ ವಾಸ್ತವದಲ್ಲಿ ದಿನಸಿ ಅಂಗಡಿಯವನು. ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್‌ನಲ್ಲಿ 1820ರಲ್ಲಿ ಅಂಗಡಿ ಇಟ್ಟ. ಅವನ ಮಗನ ಕಾಲದಲ್ಲಿ ಬಾಟಲಿ ಚೌಕವಾಯಿತು; ಒಂದಕ್ಕೊಂದು ಒತ್ತಾಗಿ ಕೂರುವುದರಿಂದ ಪೆಟ್ಟಿಗೆಯಲ್ಲಿ ಹೆಚ್ಚು ಹಿಡಿಯುತ್ತಿತ್ತು, ಸಾಗಿಸುವಾಗ ಒಡೆಯುವುದೂ ಕಡಿಮೆ.

ಈಗಿನ ಅಂಗಡಿಯ ಗೋಡೆ ಬೇರೆ ಥರದ್ದು. ಕೌಂಟರಿನ ಆಚೆಗೆ ಸೂರಿನವರೆಗೂ ಬಾಟಲಿಗಳು. ಕ್ವಾರ್ಟರಿಗೆ ಕೈ ಚಾಚಿದವರು ಕ್ಷಣದಲ್ಲಿ ವ್ಯವಹಾರ ಮುಗಿಸಿ ಹೋಗುತ್ತಿರುವಾಗ, ಉಡುಗೊರೆಗೆಂದು ಬಂದವನು ಮಾತ್ರ ಕತ್ತೆತ್ತಿ ನಿಂತಿರುತ್ತಾನೆ. “ಯಾವುದ್ ಕೊಡ್ಲಿ ಸಾರ್?” ಎಂಬ ಪ್ರಶ್ನೆಗೆ ಅವನ ಉತ್ತರ “ಚೆನ್ನಾಗಿರೋದು” ಎಂದಷ್ಟೇ. ಅಂಗಡಿಯವನು ಅವನ ಷರ್ಟು, ಚಪ್ಪಲಿ ನೋಡಿ ಒಂದು ಬೆಲೆ ನಿರ್ಧರಿಸುತ್ತಾನೆ. ಈ ಸಂಕಟ ತಪ್ಪಿಸಿಕೊಳ್ಳಲು ಬಾಟಲಿಯ ಮೇಲಿನ ಚೀಟಿ ಓದುವುದನ್ನು ಕಲಿತರೆ ಸಾಕು, ಕುಡಿಯುವುದನ್ನು ಕಲಿಯಬೇಕಿಲ್ಲ. ಹೆಂಡ ಮುಟ್ಟದ ಜಿ.ಪಿ. ರಾಜರತ್ನಂ ಹೆಂಡಗುಡುಕ ರತ್ನನ ಬಾಯಲ್ಲಿ ಪದ ಹಾಡಿಸಿದರು. ಕುಡಿಯದವರು ಒಂದು ಬಾಟಲಿ ಆರಿಸುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ.

ಚೀಟಿಯಲ್ಲಿ ಮೊದಲು ನೋಡಬೇಕಾದ್ದು ವಿಸ್ಕಿ ಯಾವುದರಿಂದ ಆದದ್ದು ಎಂಬುದನ್ನು. ಭಾರತದಲ್ಲಿ ಮಾರಾಟವಾಗುವ ಅಗ್ಗದ ವಿಸ್ಕಿಗಳಲ್ಲಿ ಬಹುಪಾಲಿನ ಮೂಲ ಕಾಕಂಬಿ, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕೊನೆಗುಳಿಯುವ ಕಪ್ಪು ಪಾಕ. ಅದರಿಂದ ತೆಗೆದ ಮದ್ಯಸಾರಕ್ಕೆ ಒಂದಿಷ್ಟು ಮಾಲ್ಟ್ ವಿಸ್ಕಿ ಬೆರೆಸಿ ಬಣ್ಣ, ಪರಿಮಳ ಕೊಡುತ್ತಾರೆ. ಮಂಡ್ಯದ ಕಬ್ಬಿನ ಗದ್ದೆಗೆ ಇದು ಹತ್ತಿರದ ಬಂಧುವಾದರೂ ಯುರೋಪಿನ ಕಾನೂನು ಇದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ. ಅಲ್ಲಿ ಧಾನ್ಯದಿಂದ ಬಟ್ಟಿ ಇಳಿಸಿ ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಇಟ್ಟದ್ದಕ್ಕೆ ಮಾತ್ರ ಆ ಹೆಸರು. ಸ್ಕಾಚ್ ಆಗಬೇಕಿದ್ದರೆ ಆ 3 ವರ್ಷವೂ ಸ್ಕಾಟ್ಲೆಂಡಿನ ನೆಲದಲ್ಲೇ, ಓಕ್ ಮರದ ಪೀಪಾಯಿಯಲ್ಲೇ ಕಳೆಯಬೇಕು. ಮದ್ಯಸಾರ ಶೇ 40ಕ್ಕೆ ಕಡಿಮೆ ಇರಬಾರದು. ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ ಆದದ್ದು ಸಿಂಗಲ್ ಮಾಲ್ಟ್. ಹಲವು ಭಟ್ಟಿಗಳ ಮಾಲ್ಟನ್ನು ಇತರ ಧಾನ್ಯದ ವಿಸ್ಕಿಯ ಜೊತೆ ಹದವಾಗಿ ಬೆರೆಸಿದ್ದು ಬ್ಲೆಂಡೆಡ್ ಸ್ಕಾಚ್. ಬ್ಲ್ಯಾಕ್ ಲೇಬಲ್, ಷಿವಾಸ್ ರೀಗಲ್ ಈ ಎರಡನೆಯ ಜಾತಿ. ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್ ಮೊದಲನೆಯದು. ಅಮೆರಿಕದ ಬರ್ಬನ್ನಿನಲ್ಲಿ ಶೇ 51ಕ್ಕೆ ಕಡಿಮೆಯಿಲ್ಲದಂತೆ ಮೆಕ್ಕೆಜೋಳ ಇರಬೇಕು, ಪೀಪಾಯಿ ಒಳಗೆ ಸುಟ್ಟ ಹೊಸ ಓಕ್‌ನದೇ ಆಗಬೇಕು. ಅಲ್ಲಿ ಒಮ್ಮೆ ಬಳಸಿದ ಪೀಪಾಯಿಗೆ ಬರ್ಬನ್ ಮನೆಯಲ್ಲಿ ಮತ್ತೆ ಸ್ಥಾನವಿಲ್ಲದ ಕಾರಣ ಅವು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ. ಸ್ಕಾಚಿನ ವೆನಿಲ್ಲಾ ಸುಳಿವಿಗೆ ಅಮೆರಿಕದ ಆ ಸೆಕೆಂಡ್ ಹ್ಯಾಂಡ್ ಮರ ಬಹಳಮಟ್ಟಿಗೆ ಕಾರಣ.

ಮುಂದಿನದು ವಯಸ್ಸು. 12, 15, 18 ಎಂಬ ಅಂಕಿ ಕಂಡಾಗ ದೊಡ್ಡದು ಒಳ್ಳೆಯದೆಂದು ಕೊಳ್ಳುವವನಿಗೆ ಅನಿಸುವುದು ಸಹಜ. ಆ ಅಂಕಿ ಬಾಟಲಿಯೊಳಗೆ ಬೆರೆತ ವಿಸ್ಕಿಗಳಲ್ಲಿ ಎಲ್ಲಕ್ಕಿಂತ ಎಳೆಯದರ ವಯಸ್ಸು, ಅದೂ ಪೀಪಾಯಿಯಲ್ಲಿ ಕಳೆದದ್ದು ಮಾತ್ರ. ಬಾಟಲಿಗೆ ಇಳಿದ ಮೇಲೆ ವಿಸ್ಕಿಗೆ ವಯಸ್ಸಾಗುವುದಿಲ್ಲ. ಭರಣಿಯಲ್ಲಿಟ್ಟ ಉಪ್ಪಿನಕಾಯಿಯಂತೆ ಇದೂ ಇಟ್ಟಷ್ಟೂ ಮಾಗುತ್ತದೆಂದು ನಂಬಿ ಮಗನ ಮದುವೆಗೆಂದು ಬಾಟಲಿ ಕಾಯ್ದಿಟ್ಟವರು ಮದುವೆಯ ರಾತ್ರಿ ತೆರೆದರೆ ಕೊಂಡ ದಿನದ ರುಚಿಯೇ ಸಿಗುತ್ತದೆ. ದ್ರಾಕ್ಷಾರಸದ ನಿಯಮವನ್ನು ವಿಸ್ಕಿಗೆ ಹಚ್ಚಿದ್ದರಿಂದ ಬೆಳೆದ ನಂಬಿಕೆ ಇದು. ದ್ರಾಕ್ಷಾರಸದಂತೆ ಬಾಟಲಿಯನ್ನು ಅಡ್ಡ ಮಲಗಿಸುವುದೂ ತಪ್ಪು. ವಿಸ್ಕಿಯ ಕಟು ಮದ್ಯಸಾರ ಬಿರಡೆಯನ್ನೇ ಕೊರೆಯುತ್ತದೆ. ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಬೇಕು.

ವಯಸ್ಸಿನ ಈ ಲೆಕ್ಕವನ್ನು ತಲೆಕೆಳಗು ಮಾಡಿದ ಊರು ಬೆಂಗಳೂರು. 1948ರಲ್ಲಿ ಜೆ.ಎನ್. ರಾಧಾಕೃಷ್ಣ ರಾವ್ ಜಗದಾಳೆ ಇಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ದಶಕಗಳ ಕಾಲ ಎಲ್ಲರಂತೆ ರಮ್, ಬ್ರಾಂದಿ, ಸಾಮಾನ್ಯ ವಿಸ್ಕಿ ಮಾಡುತ್ತಿತ್ತು. ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, ಮೈಸೂರು ರಸ್ತೆಯ ಕಂಬೀಪುರದ ಭಟ್ಟಿಯಿಂದ ಭಾರತದ ಬಾರ್ಲಿಯ ಸಿಂಗಲ್ ಮಾಲ್ಟ್ ಹೊರಬಂತು. ಅದನ್ನು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ. 2004ರ ಆಗಸ್ಟ್‌ನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ಭಾರತೀಯ ಹೋಟೆಲಿನಲ್ಲಿ. ವಿಸ್ಕಿಯ ತವರಿನಲ್ಲೇ ವಿಸ್ಕಿ ಮಾರಲು ಹೋದ ಈ ಸಾಹಸ ಮೊದಲು ನಗೆಗೂ ಗುರಿಯಾಯಿತು. 2010ರ ‘ವಿಸ್ಕಿ ಬೈಬಲ್’ನಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಅದೇ ಭಟ್ಟಿಯ ‘ಫ್ಯೂಷನ್’ಗೆ 97 ಅಂಕ ಕೊಟ್ಟು ಜಗತ್ತಿನಲ್ಲಿ ಮೂರನೆಯದೆಂದು ಬರೆದ ಮೇಲೆ ನಗುವವರು ಕೊಳ್ಳುವವರಾದರು. ಬೆಂಗಳೂರಿನವರು ಕೂಡ, ಪದ್ಧತಿಯಂತೆ, ಹೊರಗಿನವರು ಹೊಗಳಿದ ಮೇಲೆ ತಮ್ಮೂರಿನದನ್ನು ಕೇಳತೊಡಗಿದರು.

ಅಮೃತದ ಚೀಟಿಯ ಮೇಲೆ ಸಾಮಾನ್ಯವಾಗಿ ವಯಸ್ಸಿನ ಅಂಕಿ ಕಾಣುವುದಿಲ್ಲ. ಕಾರಣ ಹವೆ. ಪೀಪಾಯಿಯ ಮರದ ಮೂಲಕ ವಿಸ್ಕಿ ಸದಾ ಅಷ್ಟಿಷ್ಟು ಆವಿಯಾಗುತ್ತಿರುತ್ತದೆ. ಸ್ಕಾಟ್ಲೆಂಡಿನವರು ಈ ನಷ್ಟವನ್ನು ದೇವತೆಗಳ ಪಾಲು ಎಂದು ಬಿಟ್ಟುಕೊಟ್ಟಿದ್ದಾರೆ. ಅಲ್ಲಿನ ದೇವತೆಗಳು ವರ್ಷಕ್ಕೆ ಸುಮಾರು ಶೇ 2ರಲ್ಲಿ ತೃಪ್ತರು; ಬೆಂಗಳೂರಿನ ಸೆಕೆಯಲ್ಲಿ ಶೇ 10ಕ್ಕೂ ಮೀರಿ ನೈವೇದ್ಯ ಸಲ್ಲುತ್ತದೆ. ಅದೇ ಸೆಕೆಯಿಂದ ಮರ ಮತ್ತು ವಿಸ್ಕಿಯ ಕೊಡುಕೊಳ್ಳುವಿಕೆಯೂ ಚುರುಕಾಗಿ, ಅಲ್ಲಿ ಹನ್ನೆರಡು ವರ್ಷ ಹಿಡಿಯುವ ಹದ ಇಲ್ಲಿ ನಾಲ್ಕೈದು ವರ್ಷಕ್ಕೆ ಬರುತ್ತದೆ. ಹೆಚ್ಚು ಕಾಯುತ್ತ ಕೂತರೆ ಪೀಪಾಯಿ ಬರಿದಾಗುವುದೇ ಹೊರತು ಅಂಕಿಯ ಆಸೆ ತೀರುವುದಿಲ್ಲ. ಹಾಗೂ ಕಾಯ್ದು 8 ವರ್ಷದ ಒಂದು ವಿಸ್ಕಿಯನ್ನು 2013ರಲ್ಲಿ ಹೊರತಂದಾಗ ದೇವತೆಗಳ ದುರಾಸೆಯ ಹೆಸರನ್ನೇ ಅದಕ್ಕೆ ಇಟ್ಟರು: ‘ಗ್ರೀಡಿ ಏಂಜೆಲ್ಸ್’. ಹೀಗಾಗಿ ಬೆಂಗಳೂರಿನ ಅಮೃತ್, ಗೋವಾದ ಪಾಲ್ ಜಾನ್, ಹರಿಯಾಣದ ಇಂದ್ರಿ ಇವುಗಳ ಮುಂದೆ ನಿಂತು ವಯಸ್ಸು ಕೇಳುವುದು ವ್ಯರ್ಥ. ವಿದೇಶದಲ್ಲಿರುವ ಕನ್ನಡಿಗರ ಮನೆಗೆ ಒಯ್ಯಲು ಇವಕ್ಕಿಂತ ಒಳ್ಳೆಯ ಬಾಟಲಿ ಸಿಗುವುದು ಕಷ್ಟ. ಎಡಿನ್‌ಬರೋದಲ್ಲಿರುವ ಮಗಳ ಮನೆಗೆ ಬೆಂಗಳೂರಿನಿಂದ ಸ್ಕಾಚ್ ಹೊತ್ತುಕೊಂಡು ಹೋಗುವ ತಂದೆಯರು ಇದ್ದಾರೆ, ಅವರ ಶ್ರಮಕ್ಕೆ ಅರ್ಥವಿಲ್ಲ.

ಮುಂದಿನ ವಿಚಾರ ರುಚಿ. ಪಡೆಯುವವರು ಹೇಗೆ ಕುಡಿಯುತ್ತಾರೆ ಎಂಬುದು ಗೊತ್ತಾದರೆ ಇಲ್ಲಿ ಅರ್ಧ ಕೆಲಸ ಮುಗಿಯಿತು. ಸೋಡಾ, ಐಸು, ತಣ್ಣೀರು, ಜೊತೆಗೆ ನೆಂಚಿಕೊಳ್ಳಲು ಕಾಂಗ್ರೆಸ್ ಕಡಲೆಬೀಜ, ಇದು ಕರ್ನಾಟಕದ ಸಾಮಾನ್ಯ ಕ್ರಮ. ಈ ಕ್ರಮಕ್ಕೆ ಒಳ್ಳೆಯ ಬ್ಲೆಂಡೆಡ್ ಸ್ಕಾಚ್ ತಕ್ಕದ್ದು. ಬೆರಕೆಗೆ ಬಾಗುವ ಸೌಮ್ಯತೆಯನ್ನು ಅದರಲ್ಲಿ ಬೇಕೆಂದೇ ಇಟ್ಟಿರುತ್ತಾರೆ. ಇಂಥವರಿಗೆ 18 ವರ್ಷದ ಸಿಂಗಲ್ ಮಾಲ್ಟ್ ಕೊಟ್ಟು, ಅದರ ಮೇಲೆ ಸೋಡಾ ಸುರಿಯುವುದನ್ನು ನೋಡುತ್ತ ಕೂತ ದಾನಿಯ ಮುಖದಲ್ಲಿ ಕಾಣುವ ನೋವು ಸ್ವಯಂಕೃತ. ಕೊಟ್ಟ ಮೇಲೆ ವಿಸ್ಕಿ ಅವರದು, ಸೋಡಾವೂ ಅವರದು. ನೀರು ಬೆರೆಸದೆ, ಅಥವಾ ನಾಲ್ಕು ಹನಿ ಮಾತ್ರ ಬೆರೆಸಿ ನಿಧಾನವಾಗಿ ಕುಡಿಯುವವರಿಗೆ ಸಿಂಗಲ್ ಮಾಲ್ಟ್ ಸಲ್ಲುತ್ತದೆ. ಅವರಿಗೆ ಕೊಡುವಾಗ ಚೀಟಿಯಲ್ಲಿ ಶೇ 46 ಅಥವಾ ಹೆಚ್ಚು ಮದ್ಯಸಾರ, ನಾನ್ ಚಿಲ್ ಫಿಲ್ಟರ್ಡ್ ಎಂಬ ಒಕ್ಕಣೆ ಕಂಡರೆ ಒಳ್ಳೆಯದು. ಕಡಿಮೆ ಮದ್ಯಸಾರದ ವಿಸ್ಕಿ ತಣ್ಣಗಾದಾಗ ಮಬ್ಬಾಗದಿರಲೆಂದು ಚಳಿಯಲ್ಲಿ ಸೋಸುತ್ತಾರೆ, ಸೋಸುವಾಗ ಮಬ್ಬಿನ ಜೊತೆ ಒಂದಿಷ್ಟು ರುಚಿಯೂ ಹೋಗುತ್ತದೆ. ಭಾರತದ ಸಾಮಾನ್ಯ ವಿಸ್ಕಿಯ ಮೇಲೆ ಕಾಣುವ 42.8 ಎಂಬ ವಿಚಿತ್ರ ಅಂಕಿ ಬ್ರಿಟಿಷರ ಕಾಲದ 75 ಡಿಗ್ರಿ ಪ್ರೂಫ್ ಎಂಬ ಅಳತೆಯ ಉಳಿಕೆ.

ರುಚಿಯ ಬಾಬತ್ತಿನಲ್ಲಿ ಒಂದು ಅಪಾಯವನ್ನು ಹೆಸರಿಸಿ ಹೇಳಬೇಕು: ಐಲಾ ದ್ವೀಪ. ಸ್ಕಾಟ್ಲೆಂಡಿನ ಪಶ್ಚಿಮದ ಈ ದ್ವೀಪದ ಲಫ್ರಾಯ್ಗ್, ಆರ್ಡ್‌ಬೆಗ್, ಲಗವುಲಿನ್ ವಿಸ್ಕಿಗಳಲ್ಲಿ ಬಾರ್ಲಿಯನ್ನು ಪೀಟ್ ಎಂಬ ಜೌಗು ನೆಲದ ಹೆಂಟೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಒಲಿದವರಿಗೆ ಇದಕ್ಕಿಂತ ಮೇಲಿಲ್ಲ. ಒಲಿಯದವರಿಗೆ ಮೊದಲ ಗುಟುಕಿನಲ್ಲೇ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆ ನೆನಪಾಗುತ್ತದೆ; ಟಿಂಕ್ಚರ್, ಡೆಟಾಲ್ ಎಂದು ಬೈದು ಬಾಟಲಿಯನ್ನು ಒಳಗಿಡುತ್ತಾರೆ. ಪಡೆಯುವವರು ಕೇಳದ ಹೊರತು ಇದನ್ನು ಕೊಡಬಾರದು. ಎಲ್ಲರಿಗೂ ಹಿಡಿಸುವುದು ಬೇಕೆಂದರೆ ಸ್ಪೇಸೈಡ್ ಸೀಮೆಯ ಮಾಲ್ಟ್. ಹಣ್ಣು, ಜೇನಿನ ಸುಳಿವಿರುವ ಅದರಿಂದ ಜಗಳವಾದದ್ದಿಲ್ಲ. ಮೃದುವಾದದ್ದು ಬೇಕೆನ್ನುವವರಿಗೆ ಸಾಮಾನ್ಯವಾಗಿ ಮೂರು ಸಲ ಬಟ್ಟಿ ಇಳಿಸುವ ಐರಿಷ್ ವಿಸ್ಕಿ, ಸಿಹಿ ಮೆಚ್ಚುವವರಿಗೆ ಬರ್ಬನ್.

ಎಲ್ಲಿ ಕೊಳ್ಳಬೇಕು ಎಂಬುದು ಬೆಲೆಗೂ ನಂಬಿಕೆಗೂ ಸೇರಿದ ವಿಷಯ. ಬಾಟಲಿಯಲ್ಲಿ ಆಮದಾಗುವ ಸ್ಕಾಚಿನ ಮೇಲೆ ಭಾರತ ಬಹುಕಾಲ ಶೇ 150ರಷ್ಟು ಸುಂಕ ಹಾಕಿತ್ತು. 2025ರ ಜುಲೈನಲ್ಲಿ ಸಹಿಯಾದ ಬ್ರಿಟನ್ ಜೊತೆಗಿನ ಒಪ್ಪಂದ ಅದನ್ನು ಮೊದಲು ಶೇ 75ಕ್ಕೆ, ಹತ್ತು ವರ್ಷದಲ್ಲಿ ಶೇ 40ಕ್ಕೆ ಇಳಿಸುವ ಮಾತು ಕೊಟ್ಟಿದೆ. ರಾಜ್ಯದ ಅಬಕಾರಿ ತೆರಿಗೆ ಅದರ ಮೇಲೆ. ಆದ್ದರಿಂದಲೇ ವಿದೇಶದಿಂದ ಬರುವವರ ಮೇಲೆ ಬಂಧುಗಳ ಕಣ್ಣು. ಒಬ್ಬ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್. ಡ್ಯೂಟಿ ಫ್ರೀಯ ಒಂದು ಲೀಟರಿನ ಬಾಟಲಿಯಾದರೆ ಎರಡು. ತವರಿನ ಕಡೆಗೊಂದು, ಅತ್ತೆಮನೆ ಕಡೆಗೊಂದು ಎಂದು ನಿಯಮ ಮಾಡಿದವರು ಯೋಚಿಸಿಯೇ ಇಟ್ಟಂತಿದೆ. ಗೋವಾದ ಅಗ್ಗದ ಬಾಟಲಿ ಬೇರೆ ಕಥೆ. ಪರ್ಮಿಟ್ ಇಲ್ಲದೆ ತಂದರೆ ಕಾರವಾರದ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬಸ್ಸಿನ ಬ್ಯಾಗುಗಳೆಲ್ಲ ಕೆಳಗಿಳಿಯುತ್ತವೆ. ಗುಜರಾತ್, ಬಿಹಾರಗಳಲ್ಲಿ ಪಾನನಿಷೇಧವಿದೆ. ಅಹಮದಾಬಾದಿನ ಮಿತ್ರನಿಗೆ ಬಾಟಲಿ ಒಯ್ಯುವವನು ಅವನ ಜೊತೆ ಠಾಣೆಗೆ ಹೋಗಲೂ ಸಿದ್ಧನಿರಬೇಕು.

ಅಂಗಡಿಯಲ್ಲೇ ಕೊಳ್ಳುವುದಾದರೆ ಲೈಸೆನ್ಸ್ ಇರುವ ಅಂಗಡಿ, ಮುಚ್ಚಳದ ಮೇಲೆ ಅಬಕಾರಿಯ ಚೀಟಿ, ಕೈಯಲ್ಲಿ ಬಿಲ್ಲು. “ಏರ್‌ಪೋರ್ಟ್ ಮಾಲು ಸಾರ್, ಅರ್ಧ ರೇಟು” ಎಂದು ಫೋನಿನಲ್ಲಿ ಬರುವ ಸ್ಕಾಚ್ ಯಾವ ಏರ್‌ಪೋರ್ಟನ್ನೂ ನೋಡಿರುವುದಿಲ್ಲ. ದುಬಾರಿ ವಿಸ್ಕಿಯ ಖಾಲಿ ಬಾಟಲಿಗೆ ಗುಜರಿಯಲ್ಲಿ ವಿಶೇಷ ಬೆಲೆ ಸಿಗುವುದು ಗಾಜಿನ ಮೇಲಿನ ಪ್ರೀತಿಯಿಂದಲ್ಲ. ಅದರಲ್ಲಿ ಅಗ್ಗದ್ದನ್ನು ತುಂಬಿ ಮಾರುವವರಿದ್ದಾರೆ. ಆ ದೃಷ್ಟಿಯಿಂದ ನೋಡಿದರೆ ಬೆಂಗಳೂರಿನ ಗೃಹಿಣಿಯರು ತಿಳಿಯದೆಯೇ ಅಬಕಾರಿ ಇಲಾಖೆಗೆ ನೆರವಾಗಿದ್ದಾರೆ. ವಿದೇಶದಿಂದ ಬಂದ ಆ ಚೌಕ ಬಾಟಲಿಗಳನ್ನು ಗುಜರಿಗೆ ಹಾಕದೆ, ಚೀಟಿ ಕೆರೆದು, ನೀರು ತುಂಬಿ ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದವರು ಅವರು. ಹಡಗಿನ ಪೆಟ್ಟಿಗೆಗೆಂದು ಚೌಕವಾದ ಬಾಟಲಿ ಫ್ರಿಜ್ಜಿನ ಬಾಗಿಲಿಗೂ ಅಳತೆ ತೆಗೆದಂತೆ ಹೊಂದಿತು. ಕತ್ತು ಗಿಡ್ಡವಾದವುಗಳಲ್ಲಿ ಮನಿ ಪ್ಲಾಂಟ್ ಬೆಳೆಯಿತು. ಗಂಡನ ಕುಡಿತವನ್ನು ಒಪ್ಪದವರೂ ಬಾಟಲಿಯ ಗುಣಮಟ್ಟವನ್ನು ಒಪ್ಪಿದ್ದರು.

ಉಳಿದದ್ದು ಕೊಡುವ ರೀತಿ. ಬಂಗಾರದ ಡಬ್ಬಿ, ಜೊತೆಗೆ ಎರಡು ಗ್ಲಾಸು ಇರುವ ಗಿಫ್ಟ್ ಪ್ಯಾಕಿಗೆ ಹೆಚ್ಚಿನ ಹಣ ಕೊಡುವುದಕ್ಕಿಂತ ಆ ಹಣದಲ್ಲಿ ಒಂದು ಮೆಟ್ಟಿಲು ಮೇಲಿನ ವಿಸ್ಕಿ ಕೊಳ್ಳುವುದು ಲೇಸು. ಭಾರತದ ಬಾಟಲಿಯ ಮೇಲೆ ಎಂಆರ್‌ಪಿ ಅಚ್ಚಾಗಿರುವುದರಿಂದ ಬೆಲೆ ಮುಚ್ಚಿಡುವ ದಾರಿಯಿಲ್ಲ. ಬಾಯಲ್ಲಿ ಹೇಳದಿದ್ದರೆ ಅಷ್ಟೇ ಸಭ್ಯತೆ ಸಾಕು. ಅದೇ ಚೀಟಿಯ ಮೇಲೆ, ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂಬ ಎಚ್ಚರಿಕೆಯೂ ಕಡ್ಡಾಯವಾಗಿ ಇರುತ್ತದೆ. ಎರಡನೆಯ ಮಾತು ಕೊಟ್ಟವನಿಗೂ ಅನ್ವಯ, ಏಕೆಂದರೆ ಆಯ್ಕೆ ಸರಿಯಾಗಿದ್ದರೆ ಬಾಟಲಿ ಅಂದೇ ತೆರೆಯುವ ಸಂಭವವಿದೆ. ಬರುವಾಗಲೇ ಆಟೋದಲ್ಲಿ ಬಂದರೆ ವಾಸಿ. ತೆರೆದ ಮೇಲೆ ಕೆಲವು ತಿಂಗಳು ವಿಸ್ಕಿ ಚೆನ್ನಾಗಿಯೇ ಇರುತ್ತದೆ, ಬಾಟಲಿ ಬರಿದಾಗುತ್ತ ಬಂದಷ್ಟೂ ಒಳಗಿನ ಗಾಳಿ ರುಚಿಯನ್ನು ತಗ್ಗಿಸುತ್ತದೆ. ಆದ್ದರಿಂದ ತಳದ ಕಾಲುಭಾಗವನ್ನು ವಿಶೇಷ ಸಂದರ್ಭಕ್ಕೆಂದು ಕಾಯ್ದಿಡುವ ಅಭ್ಯಾಸದಿಂದ ಲಾಭವಿಲ್ಲ.

ಒಟ್ಟಿನಲ್ಲಿ, ಸೋಡಾ ಬೆರೆಸುವವರಿಗೆ 12 ವರ್ಷದ ಒಂದು ಬ್ಲೆಂಡೆಡ್ ಸ್ಕಾಚ್, ಬೆರೆಸದವರಿಗೆ ಸ್ಪೇಸೈಡಿನ ಅಥವಾ ಬೆಂಗಳೂರಿನ ಸಿಂಗಲ್ ಮಾಲ್ಟ್, ಹೊರದೇಶದವರಿಗೆ ಖಂಡಿತವಾಗಿ ಬೆಂಗಳೂರಿನದೇ. ಕುಡಿಯುತ್ತಾರೋ ಇಲ್ಲವೋ ತಿಳಿಯದಿದ್ದರೆ ಅವರನ್ನೇ ಕೇಳಬೇಕು. ಕೇಳುವಷ್ಟು ಸಲುಗೆ ಇಲ್ಲವೆಂದರೆ ವಿಸ್ಕಿ ಒಯ್ಯುವಷ್ಟು ಸಲುಗೆಯೂ ಇಲ್ಲವೆಂದೇ ಅರ್ಥ. ಅಂಥ ಮನೆಗೆ ಧಾರವಾಡ ಪೇಡ ಸಾಕು.